ರಷ್ಯಾದ ಪಕ್ಕದಲ್ಲಿದ್ದೂ ಫಿನ್ಲೆಂಡ್ ಉಳಿದುಕೊಂಡದ್ದು ಹೇಗೆ?

ಪ್ರಶ್ನೆ: ನಾನು ಶಿವಮೊಗ್ಗದವನು, ನಿವೃತ್ತ ಬ್ಯಾಂಕ್ ಉದ್ಯೋಗಿ. ಮಗಳು, ಅಳಿಯ ಫಿನ್ಲೆಂಡಿನ ಎಸ್ಪೂದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಹೋದ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಪಕ್ಕದ ಮನೆಯ ಹಿರಿಯರೊಬ್ಬರು ಪರಿಚಯವಾದರು. ಶೀತಲ ಸಮರದ ಕಾಲದಲ್ಲಿ ತಮ್ಮ ದೇಶ ಯಾರ ಕಡೆಗೂ ಸೇರದೆ ಬದುಕಿದ್ದನ್ನು ಬಹಳ ಹೆಮ್ಮೆಯಿಂದ ಹೇಳಿದರು. ಆದರೆ ಅಳಿಯನ ಸಹೋದ್ಯೋಗಿಯೊಬ್ಬರು, ಅವರೂ ಅಲ್ಲಿಯವರೇ, ಅದು ಮಾಸ್ಕೋ ಹೇಳಿದ್ದಕ್ಕೆಲ್ಲ ತಲೆಯಾಡಿಸಿದ ನಾಚಿಕೆಯ ಕಾಲ ಎಂದರು. ಯಾವುದು ನಿಜ? ಆ ದಾರಿ ಅಷ್ಟು ಒಳ್ಳೆಯದಿದ್ದರೆ 2023ರಲ್ಲಿ ನ್ಯಾಟೋ ಸೇರಿದ್ದು ಯಾಕೆ? ಮಕ್ಕಳು ಅಲ್ಲಿರುವುದರಿಂದ ನನಗೆ ಸ್ವಲ್ಪ ಭಯವೂ ಇದೆ. ಎರಡು ಕೋಣ ಕಾದಾಡಿದರೆ ನಡುವಿನ ಗಿಡಕ್ಕೆ ಸಾವು ಅನ್ನುತ್ತಾರೆ. ಉಕ್ರೇನ್ ಕೂಡ ಫಿನ್ಲೆಂಡಿನ ಹಾಗೆ ಇದ್ದಿದ್ದರೆ ಉಳಿಯುತ್ತಿತ್ತೇ? ನೇಪಾಳ, ಶ್ರೀಲಂಕಾಕ್ಕೂ ಇದೇ ದಾರಿಯೇ?

ಉತ್ತರ: ನಿಮ್ಮ ಮಾತುಗಳ ಹಿಂದೆ ಇರುವ ಚಿಂತೆ ಒಂದೇ ಅಂತ ನನಗೆ ಅನ್ನಿಸುತ್ತದೆ. ದೊಡ್ಡ ದೇಶದ ಪಕ್ಕ ಹುಟ್ಟಿದ ಸಣ್ಣ ದೇಶ ಎಷ್ಟು ಬಗ್ಗಬೇಕು, ಎಲ್ಲಿ ನಿಲ್ಲಬೇಕು? ನಾನು ಅಂತರರಾಷ್ಟ್ರೀಯ ರಾಜಕೀಯದ ಪಾಠ ಹೇಳಿಕೊಂಡು ಬಂದವನು. ಫಿನ್ಲೆಂಡಿನ ವಿಷಯ ಬಂದಾಗಲೆಲ್ಲ ತರಗತಿ ಎರಡು ಪಕ್ಷವಾಗುತ್ತದೆ, ನಿಮ್ಮ ಎಸ್ಪೂದ ಇಬ್ಬರ ಹಾಗೆಯೇ. ನನ್ನ ಒಲವು ಆ ಹಿರಿಯರ ಕಡೆಗೆ. ಆದರೆ ಸಹೋದ್ಯೋಗಿ ಹೇಳಿದ್ದೂ ಸುಳ್ಳಲ್ಲ. ಅವರು ಬೆಲೆಯನ್ನು ಹೇಳುತ್ತಿದ್ದಾರೆ, ಹಿರಿಯರು ಕೊಂಡುಕೊಂಡದ್ದನ್ನು ಹೇಳುತ್ತಿದ್ದಾರೆ.

ಮೊದಲು ಒಂದು ತಪ್ಪು ಕಲ್ಪನೆ. ಫಿನ್ಲೆಂಡ್ ಶಾಂತಿಪ್ರಿಯ ದೇಶ, ಯಾರ ತಂಟೆಗೂ ಹೋಗಲಿಲ್ಲ, ಅದಕ್ಕೇ ರಷ್ಯಾ ಸುಮ್ನೆ ಬಿಟ್ಟಿತು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಅದು ಮೊದಲು ಯುದ್ಧ ಮಾಡಿತು. 1939ರ ನವೆಂಬರ್ 30ಕ್ಕೆ ಸೋವಿಯತ್ ಸೇನೆ ಗಡಿ ದಾಟಿತು. ಆಗ ಫಿನ್ಲೆಂಡಿನಲ್ಲಿ ನಲವತ್ತು ಲಕ್ಷ ಜನರೂ ಇರಲಿಲ್ಲ. 105 ದಿನ ಹೋರಾಡಿದರು. ಸುಮಾರು 25,000 ಫಿನ್ನರು ಸತ್ತರು. ಸೋವಿಯತ್ ಕಡೆ ಸತ್ತವರು ಲಕ್ಷಕ್ಕೂ ಜಾಸ್ತಿ. ಮತ್ತೆ 1941ರಿಂದ 1944ರವರೆಗೆ ಜರ್ಮನಿಯ ಜೊತೆ ಸೇರಿ ಹೋರಾಡಿ ಸೋತರು. ಸೋತರೂ ಅವರ ರಾಜಧಾನಿ ಹೆಲ್ಸಿಂಕಿಗೆ ಶತ್ರುಸೇನೆ ಕಾಲಿಡಲಿಲ್ಲ. ಇದು ಬಹಳ ಮುಖ್ಯ. ಪೂರ್ವ ಯುರೋಪಿನ ಪೋಲೆಂಡ್, ಹಂಗೇರಿ, ರೊಮೇನಿಯಾಗಳಲ್ಲಿ ಯುದ್ಧ ಮುಗಿದಾಗ ಸೋವಿಯತ್ ಕೆಂಪುಸೇನೆ ಒಳಗೇ ಕೂತಿತ್ತು. ಫಿನ್ಲೆಂಡಿನಲ್ಲಿ ಚುನಾವಣೆ, ಸಂಸತ್ತು, ನ್ಯಾಯಾಲಯ ಎಲ್ಲ ಹಳೆಯದೇ ಮುಂದುವರಿದವು.

ಆದರೆ ಸೋಲಿನ ಷರತ್ತುಗಳು ಭಾರೀ ಇದ್ದವು. ದೇಶದ ಹತ್ತನೇ ಒಂದು ಭಾಗದಷ್ಟು ನೆಲ ಹೋಯಿತು. ಕರೇಲಿಯಾದ ಕಡೆಯಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆ, ಹೊಲ ಬಿಟ್ಟು ಬಂದರು. ಅವರಿಗೆ ಉಳಿದ ದೇಶದಲ್ಲಿ ಜಮೀನು ಹಂಚಬೇಕಾಯಿತು. ಮೇಲಿಂದ 30 ಕೋಟಿ ಡಾಲರ್ ಯುದ್ಧ ಪರಿಹಾರ, ಅದೂ ನಗದಲ್ಲಿ ಅಲ್ಲ, ಹಡಗು, ಯಂತ್ರ, ಕೇಬಲ್, ಮರದ ರೂಪದಲ್ಲಿ. 1952ರಲ್ಲಿ ಕೊನೆಯ ಕಂತು ತೀರಿಸಿದರು. ಅದೇ ವರ್ಷ ಹೆಲ್ಸಿಂಕಿಯಲ್ಲಿ ಒಲಿಂಪಿಕ್ಸ್ ಕೂಡ ನಡೆಯಿತು. ಆ ಪರಿಹಾರ ಕಟ್ಟಲೆಂದೇ ಬೆಳೆಸಿದ ಹಡಗು ಕಟ್ಟೆ, ಯಂತ್ರ ಕಾರ್ಖಾನೆಗಳು ಮುಂದೆ ಆ ದೇಶದ ಆಸ್ತಿಯಾದವು.

ಇನ್ನೊಂದು ಷರತ್ತು ಪೊರ್ಕ್ಕಲಾ. ಹೆಲ್ಸಿಂಕಿಯಿಂದ ಪಶ್ಚಿಮಕ್ಕೆ, ನಿಮ್ಮ ಮಗಳ ಎಸ್ಪೂ ದಾಟಿ ಸ್ವಲ್ಪ ದೂರದಲ್ಲೇ ಇರುವ ಕರಾವಳಿ ಜಾಗ. ಅದನ್ನು ಸೋವಿಯತ್ ನೌಕಾನೆಲೆಗಾಗಿ 50 ವರ್ಷಕ್ಕೆ ಬರೆಸಿಕೊಂಡರು. ತೊಂದರೆ ಏನೆಂದರೆ ಹೆಲ್ಸಿಂಕಿಯಿಂದ ತುರ್ಕುಗೆ ಹೋಗುವ ರೈಲು ಹಳಿ ಅದರ ನಡುವೆಯೇ ಹಾದುಹೋಗುತ್ತಿತ್ತು. ಕೆಲವು ವರ್ಷಗಳ ನಂತರ ರೈಲು ಹೋಗಲು ಬಿಟ್ಟರು, ಆದರೆ ಆ ಗಡಿ ಬರುತ್ತಿದ್ದ ಹಾಗೆ ಬೋಗಿಗಳ ಕಿಟಕಿಗೆಲ್ಲ ಹೊರಗಿನಿಂದ ಹಲಗೆ ಮುಚ್ಚುತ್ತಿದ್ದರು, ಸೋವಿಯತ್ ಇಂಜಿನ್ ಜೋಡಿಸುತ್ತಿದ್ದರು. ಸ್ವಂತ ದೇಶದಲ್ಲೇ ಒಂದು ಊರಿಂದ ಇನ್ನೊಂದು ಊರಿಗೆ ಹೋಗುವ ಜನ ಕತ್ತಲಲ್ಲಿ ಕೂತು ಹೋಗುತ್ತಿದ್ದರು. 1956ರಲ್ಲಿ ಆ ಜಾಗವನ್ನು ವಾಪಸ್ ಕೊಟ್ಟರು, ಬರೆಸಿಕೊಂಡ ಅವಧಿಗಿಂತ ಬಹಳ ಮೊದಲೇ.

ಈಗ 1948. ಫೆಬ್ರವರಿಯಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದರು. ಅದೇ ತಿಂಗಳು ಸ್ಟಾಲಿನ್ ಅವರಿಂದ ಫಿನ್ಲೆಂಡಿನ ಅಧ್ಯಕ್ಷ ಪಾಸಿಕಿವಿ ಅವರಿಗೆ ಪತ್ರ ಬಂತು: ಹಂಗೇರಿ, ರೊಮೇನಿಯಾ ಜೊತೆ ಮಾಡಿಕೊಂಡಂಥ ಒಪ್ಪಂದ ನಿಮ್ಮ ಜೊತೆಗೂ ಆಗಲಿ ಅಂತ. ಎಲ್ಲರೂ ಮುಂದಿನ ಸರದಿ ಫಿನ್ಲೆಂಡಿನದು ಅಂದುಕೊಂಡರು. ಪಾಸಿಕಿವಿ ಇಲ್ಲ ಅನ್ನಲಿಲ್ಲ. ಆದರೆ ತಮ್ಮದೇ ಕರಡು ಇಟ್ಟುಕೊಂಡು ಚೌಕಾಸಿ ಮಾಡಿಸಿದರು. ಏಪ್ರಿಲ್ 6ಕ್ಕೆ ಸಹಿಯಾದ ಒಪ್ಪಂದದಲ್ಲಿ ಇದ್ದದ್ದು ಇಷ್ಟು. ಜರ್ಮನಿ ಅಥವಾ ಅದರ ಮಿತ್ರರು ಫಿನ್ಲೆಂಡಿನ ನೆಲದ ಮೂಲಕ ದಾಳಿಗೆ ಬಂದರೆ ಫಿನ್ಲೆಂಡ್ ತನ್ನ ನೆಲದಲ್ಲಿ ತಾನೇ ಹೋರಾಡುತ್ತದೆ. ಸೋವಿಯತ್ ಸಹಾಯ ಬೇಕಾದರೆ ಮಾತ್ರ, ಅದೂ ಇಬ್ಬರೂ ಮಾತಾಡಿ ಒಪ್ಪಿದ ಮೇಲೆ. ದೊಡ್ಡ ಶಕ್ತಿಗಳ ಜಗಳದಿಂದ ಹೊರಗಿರಲು ಫಿನ್ಲೆಂಡಿಗೆ ಆಸೆಯಿದೆ ಅನ್ನುವ ಮಾತು ಪೀಠಿಕೆಯಲ್ಲೇ ಸೇರಿತು. ಸೋವಿಯತ್ ಸೇನೆ ತಾನಾಗಿಯೇ ಒಳಗೆ ಬರುವ ದಾರಿಯನ್ನು ಒಪ್ಪಂದದ ಭಾಷೆಯಲ್ಲೇ ಮುಚ್ಚಿದರು.

ಸ್ಟಾಲಿನ್ ಯಾಕೆ ಒಪ್ಪಿದರು? ಒಳ್ಳೆಯತನದಿಂದಲ್ಲ. ಈ ಜನ ಕಾಡಲ್ಲಿ ಹೇಗೆ ಹೋರಾಡುತ್ತಾರೆ ಅನ್ನುವುದನ್ನು ಅವರ ಸೇನೆ ನೋಡಿತ್ತು. ಪರಿಹಾರದ ಹಡಗುಗಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದವು. ಜರ್ಮನಿ, ಪೋಲೆಂಡಿನಷ್ಟು ಈ ಮೂಲೆ ಅವರಿಗೆ ಮುಖ್ಯವೂ ಆಗಿರಲಿಲ್ಲ. ಪಕ್ಕದ ಸ್ವೀಡನ್ ಯಾವ ಕೂಟಕ್ಕೂ ಸೇರಿರಲಿಲ್ಲ. ಫಿನ್ಲೆಂಡನ್ನು ನುಂಗಿದರೆ ಸ್ವೀಡನ್ ಹೆದರಿ ಪಶ್ಚಿಮದ ಕಡೆ ಓಡುತ್ತಿತ್ತು. ಅಂದರೆ ಫಿನ್ಲೆಂಡ್ ಸ್ವತಂತ್ರವಾಗಿದ್ದರೇ ಮಾಸ್ಕೋಗೆ ಲಾಭ. ಪಾಸಿಕಿವಿ ಅವರ ಲೆಕ್ಕಾಚಾರವೆಲ್ಲ ಇದರ ಮೇಲೆ ನಿಂತಿತ್ತು: ಗಡಿ ಹತ್ತಿರದ ನಿಮ್ಮ ಲೆನಿನ್‌ಗ್ರಾಡ್ ನಗರಕ್ಕೆ ನಮ್ಮ ಕಡೆಯಿಂದ ಅಪಾಯ ಬರುವುದಿಲ್ಲ, ನೀವು ನಮ್ಮ ಮನೆಯೊಳಗಿನ ವಿಷಯಕ್ಕೆ ಬರಬೇಡಿ.

ಆದರೂ ಅವರು ಬಂದೇ ಬಂದರು, ಅದೇ ಕಷ್ಟ. 1958ರಲ್ಲಿ ಫಿನ್ಲೆಂಡಿನ ಪ್ರಧಾನಿ ಫಾಗರ್‌ಹೋಲ್ಮ್ ಅವರ ಸರ್ಕಾರ ಮಾಸ್ಕೋಗೆ ಇಷ್ಟವಾಗಲಿಲ್ಲ. ಟ್ಯಾಂಕ್ ಕಳಿಸಲಿಲ್ಲ. ಸೋವಿಯತ್ ರಾಯಭಾರಿ ಊರಿಗೆ ಹೋದವರು ವಾಪಸ್ ಬರಲಿಲ್ಲ, ಬೇರೆಯವರನ್ನೂ ಕಳಿಸಲಿಲ್ಲ, ವ್ಯಾಪಾರದ ಮಾತುಕತೆ ನಿಂತಿತು. ಡಿಸೆಂಬರ್ ಹೊತ್ತಿಗೆ ಸರ್ಕಾರವೇ ರಾಜೀನಾಮೆ ಕೊಟ್ಟಿತು. 1961ರ ಅಕ್ಟೋಬರ್ 30ಕ್ಕೆ ಇನ್ನೂ ದೊಡ್ಡ ಪೆಟ್ಟು. ಬರ್ಲಿನ್ ಗೋಡೆ ಎದ್ದ ವರ್ಷ ಅದು. ಸೋವಿಯತ್ ಒಕ್ಕೂಟ ಇತಿಹಾಸದ ಅತಿದೊಡ್ಡ ಹೈಡ್ರೋಜನ್ ಬಾಂಬನ್ನು ಸಿಡಿಸಿದ ದಿನವೂ ಅದೇ. ಅವತ್ತು ಮಾಸ್ಕೋದಿಂದ ಒಂದು ಟಿಪ್ಪಣಿ ಬಂತು, 1948ರ ಒಪ್ಪಂದದ ಪ್ರಕಾರ ಸೇನಾ ಮಾತುಕತೆ ಶುರುಮಾಡೋಣ ಅಂತ. ಅಧ್ಯಕ್ಷ ಕೆಕ್ಕೊನೆನ್ ಆಗ ಅಮೆರಿಕ ಪ್ರವಾಸ ಮುಗಿಸಿ ಹವಾಯಿಯಲ್ಲಿದ್ದರು. ಆಮೇಲೆ ಸೈಬೀರಿಯಾದ ನೊವೊಸಿಬಿರ್ಸ್ಕ್‌ವರೆಗೆ ಹೋಗಿ ಸೋವಿಯತ್ ನಾಯಕ ಕ್ರುಶ್ಚೇವ್ ಅವರನ್ನು ಭೇಟಿಯಾದರು. ಸೇನಾ ಮಾತುಕತೆಯನ್ನು ಮುಂದೂಡಿದರು. ಕೆಕ್ಕೊನೆನ್ ವಿರುದ್ಧ ಚುನಾವಣೆಗೆ ನಿಲ್ಲಬೇಕಿದ್ದ ಹೊಂಕಾ ಕೂಡ ಆಗಲೇ ಹಿಂದೆ ಸರಿದರು. ಈ ಟಿಪ್ಪಣಿ ಕೆಕ್ಕೊನೆನ್ ಅವರನ್ನು ಗೆಲ್ಲಿಸಲೆಂದೇ ಬಂದದ್ದೇ ಅನ್ನುವುದರ ಬಗ್ಗೆ ಇತಿಹಾಸಕಾರರು ಇವತ್ತಿಗೂ ವಾದ ಮಾಡುತ್ತಾರೆ. ಕೆಕ್ಕೊನೆನ್ 1956ರಿಂದ 1982ರ ಆರಂಭದವರೆಗೆ ಅಧ್ಯಕ್ಷರಾಗಿದ್ದರು. 1974ರಲ್ಲಿ ಮುಗಿಯಬೇಕಿದ್ದ ಅವಧಿಯನ್ನು ಚುನಾವಣೆಯೇ ಇಲ್ಲದೆ, ಸಂಸತ್ತಿನಲ್ಲಿ ವಿಶೇಷ ಕಾನೂನು ಮಾಡಿ ನಾಲ್ಕು ವರ್ಷ ಮುಂದೂಡಿದರು. ಮಾಸ್ಕೋ ಜೊತೆ ಮಾತಾಡಬಲ್ಲವರು ಅವರೊಬ್ಬರೇ ಅನ್ನುವ ನಂಬಿಕೆ ಬೇರೂರಿತ್ತು. ಪ್ರಜಾಪ್ರಭುತ್ವಕ್ಕೆ ಅದು ಒಳ್ಳೆಯದಾಗಿರಲಿಲ್ಲ.

ಇದಕ್ಕಿಂತ ನನಗೆ ಜಾಸ್ತಿ ನೋವಾಗುವುದು ಬಾಯಿಗೆ ಬಿದ್ದ ಬೀಗ. ಅದನ್ನು ರಷ್ಯನ್ನರು ಹಾಕಬೇಕಾಗಿರಲಿಲ್ಲ, ಇವರೇ ಹಾಕಿಕೊಂಡರು. ಸೋವಿಯತ್ ಶ್ರಮ ಶಿಬಿರಗಳ ಬಗ್ಗೆ ರಷ್ಯನ್ ಲೇಖಕ ಸೋಲ್ಝೆನಿತ್ಸಿನ್ ಬರೆದ ಕೃತಿಯ ಫಿನ್ನಿಷ್ ಅನುವಾದದ ಮೊದಲ ಭಾಗ 1974ರಲ್ಲಿ ಅಚ್ಚಾಗಿ ಬಂದದ್ದು ಸ್ವೀಡನ್ನಿನಿಂದ. ಹೆಲ್ಸಿಂಕಿಯ ಪ್ರಕಾಶಕರು ಹಿಂಜರಿದರು. ಗಡಿ ದಾಟಿ ತಪ್ಪಿಸಿಕೊಂಡು ಬಂದ ಸೋವಿಯತ್ ಪ್ರಜೆಗಳನ್ನು ಎಷ್ಟೋ ಸಲ ವಾಪಸ್ ಕಳಿಸಿದರು. ಸ್ವೀಡನ್ ತಲುಪಿದವರು ಬಚಾವಾದರು. ವಿಶ್ವಸಂಸ್ಥೆಯಲ್ಲಿ 1956ರ ಹಂಗೇರಿ, 1980ರ ಅಫ್ಘಾನಿಸ್ತಾನದ ನಿರ್ಣಯ ಬಂದಾಗ ಮತದಾನದಿಂದ ದೂರ ಉಳಿದರು. ಎರಡು ಸಲವೂ ನಮ್ಮ ಭಾರತವೂ ಹಾಗೇ ಮಾಡಿತ್ತು, ಆದ್ದರಿಂದ ಅವರ ಕಡೆ ಬೆರಳು ತೋರಿಸುವಾಗ ನಾವು ಸ್ವಲ್ಪ ಯೋಚಿಸಬೇಕು. ನಿಮ್ಮ ಅಳಿಯನ ಸಹೋದ್ಯೋಗಿ ನಾಚಿಕೆ ಅಂದದ್ದು ಇಂಥದ್ದನ್ನೇ ಇರಬೇಕು.

ಹಾಗಾದರೆ ಉಳಿಸಿಕೊಂಡದ್ದು ಏನು? ಸೇನೆಯನ್ನು ಉಳಿಸಿಕೊಂಡರು. ಗಂಡುಮಕ್ಕಳಿಗೆಲ್ಲ ಕಡ್ಡಾಯ ಸೇನಾ ತರಬೇತಿ ಒಂದು ದಿನವೂ ನಿಲ್ಲಲಿಲ್ಲ. ಅಧಿಕೃತ ಮಾತಿನಲ್ಲಿ ಯಾವ ಕಡೆಯಿಂದ ಬಂದ ಶತ್ರುವನ್ನಾದರೂ ಎದುರಿಸಲು, ಆದರೆ ಶತ್ರು ಯಾವ ಕಡೆಯಿಂದ ಬರಬಹುದು ಅಂತ ಪ್ರತಿಯೊಬ್ಬ ಸಿಪಾಯಿಗೂ ಗೊತ್ತಿತ್ತು. ವಾಯುಪಡೆಗೆ ರಷ್ಯಾದಿಂದ ಮಿಗ್-21, ಸ್ವೀಡನ್ನಿನಿಂದ ಡ್ರಾಕೆನ್ ಯುದ್ಧವಿಮಾನ. ವ್ಯಾಪಾರದಲ್ಲೂ ಹೀಗೇ. 1973ರಲ್ಲಿ ಯುರೋಪಿನ ಆರ್ಥಿಕ ಸಮುದಾಯದ ಜೊತೆ ಮುಕ್ತ ವ್ಯಾಪಾರ ಒಪ್ಪಂದ, ಅದೇ ವರ್ಷ ಸೋವಿಯತ್ ಗುಂಪಿನ ಆರ್ಥಿಕ ಕೂಟ ಕೊಮೆಕಾನ್ ಜೊತೆಗೂ ಸಹಕಾರ ಒಪ್ಪಂದ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಲೊವೀಸಾ ಅಣು ವಿದ್ಯುತ್ ಸ್ಥಾವರ. ರಿಯಾಕ್ಟರನ್ನು ಸೋವಿಯತ್ ಒಕ್ಕೂಟದಿಂದಲೇ ಕೊಳ್ಳಬೇಕು ಅನ್ನುವ ಒತ್ತಡ ಇತ್ತು. ಕೊಂಡರು. ಆದರೆ ಆ ಮಾದರಿಗೆ ಪಶ್ಚಿಮದಲ್ಲಿರುವಂಥ ಗಟ್ಟಿ ರಕ್ಷಣಾ ಕವಚ ಇರಲಿಲ್ಲ. ಫಿನ್ನಿಷ್ ಇಂಜಿನಿಯರುಗಳು ಅದನ್ನು ಒಪ್ಪಲಿಲ್ಲ. ಅಮೆರಿಕದ ವೆಸ್ಟಿಂಗ್‌ಹೌಸ್ ವಿನ್ಯಾಸದ ಪ್ರಕಾರ ಐಸ್ ತುಂಬಿದ ಕವಚ ಕಟ್ಟಿಸಿದರು, ನಿಯಂತ್ರಣ ವ್ಯವಸ್ಥೆಯನ್ನು ಪಶ್ಚಿಮ ಜರ್ಮನಿಯ ಸೀಮೆನ್ಸ್‌ನಿಂದ ತಂದರು. 1977ರಲ್ಲಿ ಮೊದಲ ಘಟಕ ಶುರುವಾಯಿತು. ರಾಜಕೀಯಕ್ಕೆ ಎಷ್ಟು ಬೇಕೋ ಅಷ್ಟು ಕೊಟ್ಟರು, ಸುರಕ್ಷತೆಯಲ್ಲಿ ಒಂದಿಂಚೂ ಬಿಡಲಿಲ್ಲ. ಆ ದೇಶದ ಅವತ್ತಿನ ನೀತಿಯೆಲ್ಲ ಈ ಒಂದು ಕಟ್ಟಡದಲ್ಲಿದೆ.

ಎರಡು ಕಡೆಯವರೂ ಬಂದು ಕೂರಬಹುದಾದ ಜಾಗವಾಗಿಯೂ ಅವರು ತಮ್ಮನ್ನು ಉಪಯೋಗಕ್ಕೆ ತಂದುಕೊಂಡರು. 1969ರ ನವೆಂಬರಿನಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟದ ಅಣ್ವಸ್ತ್ರ ಮಿತಿಯ ಮಾತುಕತೆ ಹೆಲ್ಸಿಂಕಿಯಲ್ಲಿ ಶುರುವಾಯಿತು. 1972ರ ಕೊನೆಯಿಂದ ಎಸ್ಪೂದ ಡಿಪೋಲಿ ಕಟ್ಟಡದಲ್ಲಿ ತಿಂಗಳುಗಟ್ಟಲೆ ರಾಯಭಾರಿಗಳು ಕೂತು ಯುರೋಪಿನ ಭದ್ರತಾ ಸಮ್ಮೇಳನಕ್ಕೆ ಅಣಿ ಮಾಡಿದರು. 1975ರ ಆಗಸ್ಟ್ 1ಕ್ಕೆ 35 ದೇಶಗಳು ಫಿನ್ಲಾಂಡಿಯಾ ಹಾಲ್‌ನಲ್ಲಿ ಸಹಿ ಹಾಕಿದವು, ಸೋವಿಯತ್ ನಾಯಕ ಬ್ರೆಜ್ನೆವ್ ಮತ್ತು ಅಮೆರಿಕದ ಅಧ್ಯಕ್ಷ ಫೋರ್ಡ್ ಸೇರಿ. ಗಡಿಗಳಿಗೆ ಒಪ್ಪಿಗೆ ಸಿಕ್ಕಿತು ಅಂತ ಮಾಸ್ಕೋ ಸಂತೋಷಪಟ್ಟಿತು. ಆದರೆ ಅದೇ ಕಾಗದದಲ್ಲಿ ಮಾನವ ಹಕ್ಕಿನ ಮಾತೂ ಇತ್ತು. ಮರುವರ್ಷವೇ ಮಾಸ್ಕೋದಲ್ಲಿ ಹಕ್ಕುಗಳ ಹೋರಾಟಗಾರ ಯೂರಿ ಓರ್ಲೋವ್ ಮತ್ತು ಗೆಳೆಯರು, ಅದರ ಮುಂದಿನ ವರ್ಷ ಪ್ರಾಗ್‌ನ ಭಿನ್ನಮತೀಯರು ಅದನ್ನೇ ಹಿಡಿದು ತಮ್ಮ ಸರ್ಕಾರಗಳನ್ನು ಪ್ರಶ್ನಿಸಿದರು. ತನ್ನ ದೇಶದಲ್ಲಿ ದನಿ ತಗ್ಗಿಸಿದ ಫಿನ್ಲೆಂಡ್, ಬೇರೆಯವರು ಮಾತಾಡಲು ಒಂದು ಆಧಾರ ಒದಗಿಸಿತು. ಇದನ್ನು ನಾನು ಸಣ್ಣ ಸಾಧನೆ ಅನ್ನಲಾರೆ.

ವ್ಯಾಪಾರದ ವಿಷಯ ನೀವು ಬ್ಯಾಂಕಿನವರು, ಬೇಗ ಅರ್ಥವಾಗುತ್ತದೆ. ಸೋವಿಯತ್ ಜೊತೆ ಡಾಲರ್ ವ್ಯವಹಾರ ಇರಲಿಲ್ಲ. ಕಚ್ಚಾ ತೈಲ ಬರುತ್ತಿತ್ತು, ಅದರ ಲೆಕ್ಕಕ್ಕೆ ಹಡಗು, ಬಟ್ಟೆ, ಬೂಟು ಹೋಗುತ್ತಿತ್ತು. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ರೂಪಾಯಿ ಲೆಕ್ಕದಲ್ಲಿ ರಷ್ಯಾಕ್ಕೆ ಹೋಗುತ್ತಿತ್ತಲ್ವಾ, ಹೆಚ್ಚೂಕಡಿಮೆ ಹಾಗೇ. ತೈಲದ ಬೆಲೆ ಏರಿದಾಗ ಬೇರೆ ದೇಶಗಳು ಒದ್ದಾಡಿದರೆ, ಫಿನ್ಲೆಂಡ್ ಇನ್ನಷ್ಟು ಸರಕು ಕಳಿಸಿ ಸರಿದೂಗಿಸಿತು. 1980ರ ದಶಕದ ಆರಂಭದಲ್ಲಿ ಅವರ ರಫ್ತಿನ ಕಾಲು ಭಾಗದಷ್ಟು ಒಂದೇ ಗಿರಾಕಿಗೆ ಹೋಗುತ್ತಿತ್ತು. 1991ರಲ್ಲಿ ಆ ಗಿರಾಕಿಯೇ ಇಲ್ಲವಾದ. ಅದೇ ಹೊತ್ತಿಗೆ ಅವರ ಬ್ಯಾಂಕುಗಳೂ ಕುಸಿದವು. ಶೇ 3ರ ಆಸುಪಾಸು ಇದ್ದ ನಿರುದ್ಯೋಗ 1994ರ ಹೊತ್ತಿಗೆ ಶೇ 16 ದಾಟಿತು. ನಮ್ಮ ಕಾಫಿ ಬೆಳೆಗಾರರೂ ಆಗ ಪೆಟ್ಟು ತಿಂದವರೇ.

ನ್ಯಾಟೋ ಪ್ರಶ್ನೆಗೆ ಬರುತ್ತೇನೆ. ನ್ಯಾಟೋ ಸೇರಿದ್ದರಿಂದ ಹಳೆಯ ನೀತಿ ತಪ್ಪಾಗಿತ್ತು ಅಂತ ಸಾಬೀತಾಗುವುದಿಲ್ಲ. 1995ರಲ್ಲೇ ಅವರು ಯುರೋಪಿಯನ್ ಒಕ್ಕೂಟ ಸೇರಿದ್ದರು, 1992ರಲ್ಲೇ ಅಮೆರಿಕದ ಹಾರ್ನೆಟ್ ವಿಮಾನಗಳನ್ನು ಕೊಳ್ಳಲು ತೀರ್ಮಾನಿಸಿದ್ದರು. ಆದರೂ ನ್ಯಾಟೋ ಬೇಕು ಅನ್ನುತ್ತಿದ್ದವರು ಬಹುಕಾಲ ಕಾಲು ಭಾಗದ ಆಸುಪಾಸು ಮಾತ್ರ. ರಷ್ಯಾ 2021ರ ಡಿಸೆಂಬರಿನಲ್ಲಿ ನ್ಯಾಟೋ ಇನ್ನು ಬೆಳೆಯಲೇಬಾರದು ಅಂತ ಪಟ್ಟು ಹಿಡಿಯಿತು. ಅಂದರೆ ಬೇಕಾದರೆ ಸೇರುವ ಫಿನ್ಲೆಂಡಿನ ಹಕ್ಕನ್ನೂ ಕಿತ್ತುಕೊಳ್ಳುವ ಮಾತು. ಎರಡು ತಿಂಗಳಲ್ಲಿ ಉಕ್ರೇನ್ ಮೇಲೆ ದಾಳಿ. ಪಕ್ಕದವನಿಗೆ ಅಪಾಯ ಮಾಡದಿದ್ದರೆ ಅವನೂ ಸುಮ್ಮನಿರುತ್ತಾನೆ ಅನ್ನುವ ನಂಬಿಕೆಯೇ ಒಡೆದುಹೋಯಿತು. ಮೇ ತಿಂಗಳಲ್ಲಿ ಸಂಸತ್ತು 188–8 ಮತಗಳಿಂದ ಅರ್ಜಿಗೆ ಒಪ್ಪಿತು, 2023ರ ಏಪ್ರಿಲ್ 4ಕ್ಕೆ ಸದಸ್ಯತ್ವ ಸಿಕ್ಕಿತು.

ನಿಮ್ಮ ಭಯ ಸಹಜ. ರಷ್ಯಾ ಜೊತೆ 1,340 ಕಿಲೋಮೀಟರ್ ಗಡಿ ಇರುವ ದೇಶ ಅದು. ಆದರೆ ತಯಾರಿ ಇಷ್ಟಿರುವ ದೇಶಗಳು ಯುರೋಪಿನಲ್ಲಿ ಕಡಿಮೆ. ಯುದ್ಧ ಬಂದರೆ 2,80,000 ಸೈನಿಕರನ್ನು ನಿಲ್ಲಿಸುವ ವ್ಯವಸ್ಥೆ ಇದೆ. ಸುಮಾರು 50,500 ರಕ್ಷಣಾ ಕೋಣೆಗಳಿವೆ, 55 ಲಕ್ಷ ಜನರಲ್ಲಿ 48 ಲಕ್ಷ ಮಂದಿಗೆ ಅಲ್ಲಿ ಜಾಗ ಇದೆ. ದೊಡ್ಡ ಅಪಾರ್ಟ್‌ಮೆಂಟ್ ಕಟ್ಟಿದರೆ ಕೆಳಗೆ ಇಂಥ ಕೋಣೆ ಕಟ್ಟಲೇಬೇಕು ಅನ್ನುವ ಕಾನೂನಿದೆ. ತಮ್ಮ ಕಟ್ಟಡದ್ದು ಎಲ್ಲಿದೆ ಅಂತ ಮಗಳು ಒಮ್ಮೆ ನೋಡಿಕೊಂಡರೆ ಸಾಕು.

ಬೇರೆ ಸಣ್ಣ ದೇಶಗಳು ಬೇರೆ ದಾರಿ ಹಿಡಿದವು, ಎಲ್ಲದಕ್ಕೂ ಅದರದೇ ಅಪಾಯ. ನಾರ್ವೆಗೂ ಸೋವಿಯತ್ ಗಡಿ ಇತ್ತು. ಅದು 1949ರಲ್ಲೇ ನ್ಯಾಟೋ ಸೇರಿತು. ಆದರೆ ಶಾಂತಿಕಾಲದಲ್ಲಿ ವಿದೇಶಿ ಸೇನೆಗೆ ನೆಲೆ ಕೊಡುವುದಿಲ್ಲ ಅಂತ ತಾನೇ ಮಿತಿ ಹಾಕಿಕೊಂಡಿತು. ಇದು ನನಗೆ ಬಹಳ ಜಾಣ ಆಯ್ಕೆಯಾಗಿ ಕಾಣುತ್ತದೆ. ಆಸ್ಟ್ರಿಯಾದಲ್ಲಿ ಸೇನೆ ಇಟ್ಟಿದ್ದ ನಾಲ್ಕೂ ದೊಡ್ಡ ದೇಶಗಳು 1955ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿ ಸೇನೆ ಹಿಂತೆಗೆದುಕೊಂಡವು, ಅಂಥ ಅದೃಷ್ಟ ಎಲ್ಲರಿಗೂ ಸಿಗುವುದಿಲ್ಲ. ಕ್ಯೂಬಾ ದೂರದ ದೊಡ್ಡ ದೇಶ ಸೋವಿಯತ್ ಒಕ್ಕೂಟವನ್ನು ನಂಬಿತು. 1962ರಲ್ಲಿ ಅಲ್ಲಿಟ್ಟಿದ್ದ ಸೋವಿಯತ್ ಕ್ಷಿಪಣಿಗಳನ್ನು ವಾಪಸ್ ಒಯ್ಯುವ ತೀರ್ಮಾನವಾದಾಗ ಕ್ಯೂಬಾದ ನಾಯಕ ಕಾಸ್ಟ್ರೊ ಅವರನ್ನು ಯಾರೂ ಕೇಳಲಿಲ್ಲ. ಹಂಗೇರಿ 1956ರ ನವೆಂಬರ್ 1ಕ್ಕೆ ತಾನು ತಟಸ್ಥ ಅಂತ ಘೋಷಿಸಿತು, ನವೆಂಬರ್ 4ಕ್ಕೆ ಟ್ಯಾಂಕುಗಳು ಬುಡಾಪೆಸ್ಟಿಗೆ ನುಗ್ಗಿದವು. ಲಾವೋಸ್ ಕಥೆ ಎಲ್ಲಕ್ಕಿಂತ ಕೆಟ್ಟದ್ದು. 1962ರಲ್ಲಿ ಜಿನೀವಾದಲ್ಲಿ ದೊಡ್ಡ ದೇಶಗಳೆಲ್ಲ ಅದರ ತಟಸ್ಥತೆಗೆ ಸಹಿ ಹಾಕಿದವು. ಆದರೆ ಉತ್ತರ ವಿಯೆಟ್ನಾಂ ಅದರ ನೆಲದಲ್ಲೇ ತನ್ನ ಸೇನೆ, ಸರಕು ಸಾಗಿಸುವ ದಾರಿ ಉಳಿಸಿಕೊಂಡಿತು, ಅಮೆರಿಕ 1964ರಿಂದ 1973ರವರೆಗೆ 20 ಲಕ್ಷ ಟನ್‌ಗೂ ಜಾಸ್ತಿ ಬಾಂಬು ಸುರಿಸಿತು. ತನ್ನ ನೆಲವನ್ನು ತಾನು ಕಾಯಲಾಗದ ದೇಶದ ತಟಸ್ಥತೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಉಕ್ರೇನ್ ಬಗ್ಗೆ ನೀವು ಕೇಳಿದ್ದು ನಮ್ಮಲ್ಲಿ ತುಂಬಾ ಓಡಾಡುವ ಮಾತು. ಒಂದು ವಿಷಯ ಗಮನಿಸಿ. 2010ರಲ್ಲಿ ಉಕ್ರೇನ್ ಯಾವ ಸೇನಾ ಕೂಟಕ್ಕೂ ಸೇರುವುದಿಲ್ಲ ಅಂತ ಕಾನೂನನ್ನೇ ಮಾಡಿತ್ತು. 2014ರ ಆರಂಭದಲ್ಲಿ ರಷ್ಯಾ ಕ್ರಿಮಿಯಾವನ್ನು ಕಿತ್ತುಕೊಂಡಾಗ ಆ ಕಾನೂನು ಜಾರಿಯಲ್ಲೇ ಇತ್ತು, ಅದನ್ನು ತೆಗೆದದ್ದು ಆ ವರ್ಷದ ಡಿಸೆಂಬರಿನಲ್ಲಿ. ಸುಮ್ಮನಿದ್ದಿದ್ದರೆ ಉಳಿಯುತ್ತಿತ್ತು ಅನ್ನುವುದು ಹಾಗಾಗಿ ನಿಲ್ಲುವ ವಾದ ಅಲ್ಲ. ಮಾಸ್ಕೋಗೆ ಫಿನ್ಲೆಂಡಿನಿಂದ ಬೇಕಿದ್ದದ್ದು ಸುರಕ್ಷಿತ ಗಡಿ. ಉಕ್ರೇನಿನಿಂದ ಕೇಳುತ್ತಿರುವುದು ಅದಕ್ಕಿಂತ ಬಹಳ ಜಾಸ್ತಿ.

ನೇಪಾಳ, ಶ್ರೀಲಂಕಾ ವಿಷಯದಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಅಲ್ಲಿ ದೊಡ್ಡ ನೆರೆಯವರು ನಾವೇ. 1987ರಲ್ಲಿ ಭಾರತ ಮತ್ತು ಶ್ರೀಲಂಕಾ ವಿನಿಮಯ ಮಾಡಿಕೊಂಡ ಪತ್ರಗಳಲ್ಲಿ, ಟ್ರಿಂಕೋಮಲಿ ಬಂದರನ್ನು ಭಾರತಕ್ಕೆ ತೊಂದರೆಯಾಗುವ ಹಾಗೆ ಬೇರೆ ದೇಶದ ಸೇನೆಗೆ ಕೊಡುವುದಿಲ್ಲ ಅಂತ ಇದೆ. ಓದಿದರೆ 1948ರ ಫಿನ್ಲೆಂಡಿನ ಒಪ್ಪಂದ ನೆನಪಾಗುತ್ತದೆ. ನೇಪಾಳಕ್ಕೆ ಸಮುದ್ರವೇ ಇಲ್ಲ, ತೈಲ, ಉಪ್ಪು ಎಲ್ಲ ನಮ್ಮ ನೆಲದ ಮೇಲೇ ಹೋಗಬೇಕು. ಫಿನ್ಲೆಂಡಿಗೆ ಪಶ್ಚಿಮದ ಕಡೆ ಬಾಗಿಲು ತೆರೆದಿತ್ತು, ನೇಪಾಳಕ್ಕೆ ಇನ್ನೊಂದು ಕಡೆ ಹಿಮಾಲಯ. ಹಾಗಾಗಿ ಅವರ ಜಾಣತನ ಒಂದು ಮಿತಿಯವರೆಗೆ ಮಾತ್ರ ಕೆಲಸ ಮಾಡುತ್ತದೆ, ಉಳಿದದ್ದು ದೆಹಲಿ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದರ ಮೇಲಿದೆ. 1975ರಲ್ಲಿ ರಾಜ ಬೀರೇಂದ್ರ ನೇಪಾಳವನ್ನು ಶಾಂತಿ ವಲಯ ಅಂತ ಒಪ್ಪಿ ಎಂದು ಕೇಳಿದರು. ನೂರಕ್ಕೂ ಹೆಚ್ಚು ದೇಶ ಒಪ್ಪಿದವು, ಭಾರತ ಒಪ್ಪಲಿಲ್ಲ. ನೇಪಾಳ ಚೀನಾದಿಂದ ಶಸ್ತ್ರ ಕೊಂಡ ಮೇಲೆ, 1989ರಲ್ಲಿ ವ್ಯಾಪಾರ ಮತ್ತು ಸಾಗಾಟದ ಒಪ್ಪಂದಗಳ ಅವಧಿ ಮುಗಿದಾಗ ನಾವು ಹೆಚ್ಚಿನ ಗಡಿ ದಾರಿಗಳನ್ನು ಮುಚ್ಚಿದೆವು. ಸೀಮೆಎಣ್ಣೆಗೂ ತತ್ವಾರವಾಯಿತು. ಆ ತಿಂಗಳುಗಳನ್ನು ನೇಪಾಳದ ಜನ ಇನ್ನೂ ಮರೆತಿಲ್ಲ, ಚೀನಾದ ಕಡೆಗೆ ರಸ್ತೆ ಬೇಕು ಅನ್ನುವ ಅವರ ಹಟಕ್ಕೆ ಅದೂ ಒಂದು ಕಾರಣ.